ಹದಿನೈದರ ಪುಟ್ಟಿಗೆ ನಾಲ್ಕು ಕಾರ್ಡು: ಎಳೆ ವಯಸ್ಸಿನ ನಮಗೆ ನಾವೇ ದೇವರ ವಿಷಯ ಬರೆಯುವುದು ಹೇಗೆ

ಕಳೆದ ಬೇಸಿಗೆಯಲ್ಲಿ ದಾವಣಗೆರೆಯ ತವರುಮನೆಗೆ ಸುಣ್ಣಬಣ್ಣ ಮಾಡಿಸುತ್ತಿದ್ದರು. ಅಟ್ಟದ ಮೇಲಿನ ಟ್ರಂಕು ಖಾಲಿ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ತಳದಲ್ಲಿ ನನ್ನ ಹೈಸ್ಕೂಲಿನ ಅಟ್ಲಾಸು ಸಿಕ್ಕಿತು. ಆಫ್ರಿಕಾ ಪುಟದ ನಡುವೆ ನಾಲ್ಕು ಪೋಸ್ಟ್ ಕಾರ್ಡು. 15 ಪೈಸೆಯವು. ಒಂದಕ್ಷರವೂ ಬರೆಯದವು.

ನಗಬೇಕಾಗಿತ್ತು. ಆದರೆ ಹೊಟ್ಟೆಯೊಳಗೆ ಏನೋ ತಣ್ಣಗೆ ಹರಿದ ಹಾಗಾಯಿತು.

ಅದು 1993. ನನ್ನ ಎಸ್ಸೆಸ್ಸೆಲ್ಸಿ ವರ್ಷ. ಸಂಕ್ರಾಂತಿ ಆದ ಮೇಲೆ ಮನೆಗೆ ಹೆಸರಿಲ್ಲದ ಒಂದು ಕಾರ್ಡು ಬಂದಿತ್ತು. ಯಾವುದೋ ಊರಿನ ಗುಡಿಯಲ್ಲಿ ಹಾವೊಂದು ಮನುಷ್ಯನ ರೂಪ ತಾಳಿ ಮಾತಾಡಿತಂತೆ. ಈ ಸುದ್ದಿಯನ್ನು 11 ಜನಕ್ಕೆ ಬರೆದು ಹಾಕಬೇಕಂತೆ. ಬರೆದವನಿಗೆ ಲಾಟರಿ ಹೊಡೆಯಿತು, ಹರಿದು ಹಾಕಿದವನ ಮಗ ಸತ್ತ. ಆ ಕಾಲದಲ್ಲಿ ಬೆಳೆದವರಿಗೆಲ್ಲ ಇಂಥ ಕಾರ್ಡಿನ ಪರಿಚಯ ಇದ್ದೇ ಇರುತ್ತದೆ. ರಿಬ್ಬನ್ನಿಗೆ ಅಂತ ಅವ್ವ ಕೊಟ್ಟಿದ್ದ ದುಡ್ಡಿನಲ್ಲಿ 11 ಕಾರ್ಡು ತಂದೆ. ಒಂದು ರೂಪಾಯಿ 65 ಪೈಸೆ. ಏಳು ಬರೆದು ಡಬ್ಬಿಗೆ ಹಾಕಿದೆ. ಎಂಟನೆಯದಕ್ಕೆ ಪೆನ್ನು ಹಿಡಿದು ಕೂತಿದ್ದಾಗ ಅಜ್ಜಿಯ ಕೈಗೆ ಸಿಕ್ಕಿಬಿದ್ದೆ.

ಅಜ್ಜಿ ಓದಲು ಬಾರದವಳು. ನಾನೇ ಓದಿ ಹೇಳಬೇಕಾಯಿತು. ಕೇಳಿಸಿಕೊಂಡು, ಕೊರಳಲ್ಲಿದ್ದ ಇಷ್ಟಲಿಂಗದ ಕರಡಿಗೆಯನ್ನು ಮುಟ್ಟಿಕೊಂಡು ಅಂದಳು: “ಶಿವ ಎದೆ ಮೇಲೇ ಅದಾನಲ್ಲೇ, ಅವಂಗ್ಯಾಕೆ ಪೋಸ್ಟು?”

ಮಾತು ಚೆನ್ನಾಗಿತ್ತು. ನನಗೆ ಮಾತ್ರ ಹೆದರಿಕೆ ಹೋಗಲಿಲ್ಲ. ನಾಲ್ಕು ಕಾರ್ಡು ಬಾಕಿ ಉಳಿಯಿತಲ್ಲ! ಗಣಿತದ ಪರೀಕ್ಷೆಯ ಹಿಂದಿನ ರಾತ್ರಿ ಜ್ವರ ಬಂದಾಗ ಇದು ಆ ನಾಲ್ಕರ ಫಲವೇ ಅಂತ ಗಟ್ಟಿಯಾಗಿ ನಂಬಿದೆ.

ಅದೇ ನಾಲ್ಕು ಕಾರ್ಡಿನ ಮೇಲೆ ಈಗ ನಾನು ಹದಿನೈದರ ಆ ಹುಡುಗಿಗೆ ಪತ್ರ ಬರೆದೆ. ಎರಡು ವಾರ ಹಿಡಿಯಿತು. ಬರೆಯುತ್ತ ಬರೆಯುತ್ತ ಒಂದು ದಾರಿ ಸಿಕ್ಕಿತು. ನೀವೂ ಬರೆಯುವುದಾದರೆ ಇರಲಿ ಅಂತ ಅದನ್ನು ಇಲ್ಲಿ ಹೇಳುತ್ತಿದ್ದೇನೆ. ನಮ್ಮದು ಲಿಂಗಾಯತರ ಮನೆ, ಹಾಗಾಗಿ ಉದಾಹರಣೆಗಳೆಲ್ಲ ಆ ಕಡೆಯವು. ನಿಮ್ಮ ಮನೆಯ ದೇವರು, ನಿಮ್ಮ ಹಬ್ಬ, ನಿಮ್ಮ ಉಪವಾಸ ಯಾವುದೋ ಅದನ್ನು ಹಾಕಿಕೊಳ್ಳಿ.

1. ವಯಸ್ಸಲ್ಲ, ಒಂದು ದಿನ ಹಿಡಿಯಿರಿ

“ನನ್ನ ಹದಿಹರೆಯಕ್ಕೆ” ಅಂತ ಶುರು ಮಾಡಿದರೆ ಪತ್ರ ಭಾಷಣವಾಗುತ್ತದೆ. ಮೊದಲ ಸಲ ನನಗೂ ಹಾಗೇ ಆಯಿತು. “ದೇವರಲ್ಲಿ ನಂಬಿಕೆ ಇಡು” ಅಂತ ಬರೆದು, ಓದಿ, ಹರಿದು ಹಾಕಿದೆ. (ಹಾಳೆಯ ಮೇಲೆ ಬರೆದಿದ್ದೆ, ಕಾರ್ಡಿನ ಮೇಲಲ್ಲ. ನೀವೂ ಮೊದಲು ಹಾಳೆಯ ಮೇಲೇ ಬರೆಯಿರಿ.)

ಒಂದೇ ಒಂದು ದಿನ ಆರಿಸಿಕೊಳ್ಳಿ. ದೇವರ ನೆನಪು ತುಂಬಾ ಜಾಸ್ತಿ ಬಂದ ದಿನ. ರಿಸಲ್ಟಿನ ದಿನ, ಅಪ್ಪ ಆಸ್ಪತ್ರೆ ಸೇರಿದ ದಿನ, ಯಾರದೋ ಜೊತೆ ಜಗಳವಾಡಿದ ದಿನ. ನನ್ನದು ಗಣಿತ ಪರೀಕ್ಷೆಯ ಹಿಂದಿನ ದಿನ. ಎಲ್ಲಿ ಕೂತಿದ್ದಿರಿ, ಏನು ಉಂಡಿದ್ದಿರಿ, ದೇವರ ಕೋಣೆಯಲ್ಲಿ ಯಾವ ಪಟ ಯಾವ ಕಡೆ ಇತ್ತು ಅಂತ ನೆನಪು ಮಾಡಿಕೊಳ್ಳಿ. ನೆನಪಾಗದಿದ್ದರೆ ಅಣ್ಣನಿಗೋ ಅಕ್ಕನಿಗೋ ಫೋನು ಮಾಡಿ. ನನ್ನ ತಂಗಿ ನಾನು ಮರೆತೇ ಬಿಟ್ಟಿದ್ದ ಒಂದು ವಿಷಯ ಹೇಳಿದಳು. ಹಾಲ್ ಟಿಕೆಟ್ಟಿಗೆ ನಾನು ಎಷ್ಟು ವಿಭೂತಿ ಬಳಿದಿದ್ದೆ ಅಂದರೆ, ಅಂಟಿಸಿದ್ದ ಫೋಟೊದಲ್ಲಿ ನನ್ನ ಮುಖವೇ ಕಾಣುತ್ತಿರಲಿಲ್ಲವಂತೆ. ಮೇಷ್ಟರು ಒರೆಸಿ ನೋಡಿ ಒಳಗೆ ಬಿಟ್ಟರಂತೆ.

ಆ ಹುಡುಗಿಯನ್ನು ಮನೆಯಲ್ಲಿ ಏನಂತ ಕರೆಯುತ್ತಿದ್ದರೋ ಹಾಗೇ ಕರೆಯಿರಿ. ನನ್ನನ್ನು ಪುಟ್ಟಿ ಅನ್ನುತ್ತಿದ್ದರು. “ಪುಟ್ಟೀ” ಅಂತ ಬರೆದ ಮೇಲೆ ಭಾಷಣ ತಾನಾಗಿ ನಿಂತುಹೋಯಿತು.

2. ಕೇಳಿಕೊಂಡದ್ದರ ಪಟ್ಟಿ ಮಾಡಿ

ಆ ವರ್ಷ ದೇವರ ಹತ್ತಿರ ಏನೇನು ಕೇಳಿದ್ದಿರೋ ಎಲ್ಲ ಬರೆಯಿರಿ. ನಾಚಿಕೆ ಬೇಡ, ಯಾರೂ ನೋಡುವುದಿಲ್ಲ. ನನ್ನ ಪಟ್ಟಿಯಲ್ಲಿ 14 ಇದ್ದವು. ಗಣಿತದಲ್ಲಿ 35 ಬರಲಿ. ಮೊಡವೆ ಹೋಗಲಿ. ಅಪ್ಪಾಜಿಗೆ ವರ್ಗ ಆಗದಿರಲಿ. ಬಿ ಸೆಕ್ಷನ್ನಿನ ಒಬ್ಬ ಹುಡುಗ ಒಂದು ಸಲ ಈ ಕಡೆ ನೋಡಲಿ, ನೋಡಿದ್ದು ಅವ್ವನಿಗೆ ಗೊತ್ತಾಗದಿರಲಿ. ಅಜ್ಜಿ ಸಾಯದಿರಲಿ. ಹೀಗೇ.

ಆಮೇಲೆ ಪ್ರತಿಯೊಂದರ ಮುಂದೆ ಒಂದು ಪದ ಬರೆಯಿರಿ: ಹೆದರಿಕೆ, ವ್ಯಾಪಾರ, ಪ್ರೀತಿ. ಈ ಮೂರರಲ್ಲಿ ಯಾವುದರಿಂದ ಕೇಳಿದಿರಿ ಅಂತ. ನನಗೆ ಬಂದ ಲೆಕ್ಕ: ಹೆದರಿಕೆ ಆರು, ವ್ಯಾಪಾರ ಏಳು, ಪ್ರೀತಿ ಒಂದು. ಆ ಒಂದು ಅಜ್ಜಿಯದು.

ಊರಲ್ಲಿ ಎಲ್ಲರೂ ನನ್ನನ್ನು “ಭಾಳ ಭಕ್ತಿ ಹುಡುಗಿ” ಅನ್ನುತ್ತಿದ್ದರು ಅನ್ನುವುದು ಬೇರೆ ಮಾತು.

ಇಷ್ಟಾದರೆ ಅರ್ಧ ಕೆಲಸ ಮುಗಿಯಿತು. ಯಾವ ಗುಂಪು ದೊಡ್ಡದೋ ಆ ವಿಷಯವೇ ನಿಮ್ಮ ಪತ್ರದಲ್ಲಿ ಜಾಸ್ತಿ ಜಾಗ ಹಿಡಿಯಬೇಕು.

3. ಹೆದರಿಕೆಯ ಕಾರ್ಡು

ಗುಂಪು ವ್ಯಾಪಾರದ್ದೇ ದೊಡ್ಡದಿದ್ದರೂ ನಾನು ಮೊದಲು ಇದನ್ನೇ ಬರೆದೆ. ಹೆದರಿಕೆ ಇರುವ ತನಕ ಮಕ್ಕಳ ಕಿವಿಗೆ ಬೇರೆ ಏನೂ ಹೋಗುವುದಿಲ್ಲ.

“ಹೆದರಬೇಡ” ಅಂತ ಬರೆದರೆ ಪ್ರಯೋಜನ ಇಲ್ಲ. ಕಾರ್ಡು ಕಳಿಸದಿದ್ದರೆ ಅವ್ವ ಸಾಯುತ್ತಾಳೆ ಅಂತ ನಂಬಿರುವ ಹುಡುಗಿಗೆ ಅದು ತಾಗುವುದಿಲ್ಲ. ಅವಳ ಹೆದರಿಕೆಯನ್ನು ಅವಳ ಮಾತಿನಲ್ಲೇ ಬರೆಯಿರಿ. ಅದರ ಕೆಳಗೆ, ನಿಜವಾಗಿ ಏನಾಯಿತು ಅಂತ ಬರೆಯಿರಿ. ನಾನು ಬರೆದದ್ದು:

“ಪುಟ್ಟೀ, ನಾಲ್ಕು ಕಾರ್ಡು ಹಾಕದ್ದಕ್ಕೆ ಜ್ವರ ಬಂತು ಅಂತ ಅಂದುಕೊಂಡಿದ್ದೀಯ. ಆ ವಾರ ನಿಮ್ಮ ಕ್ಲಾಸಿನಲ್ಲಿ ಇನ್ನೂ ಐದು ಜನಕ್ಕೆ ಜ್ವರ ಇತ್ತು. ಅವರ ಮನೆಗೆ ಕಾರ್ಡೇ ಬಂದಿರಲಿಲ್ಲ. ಅಜ್ಜಿ ಮೂಲದ ಕಾರ್ಡನ್ನೇ ಒಲೆಗೆ ಹಾಕಿದಳು ನೋಡು, ಅವಳಿಗೆ ಒಂದು ಕೆಮ್ಮೂ ಬರಲಿಲ್ಲ.”

ಈಗ ಅದೇ ಕಾರ್ಡು ವಾಟ್ಸಾಪಿನಲ್ಲಿ ಬರುತ್ತದೆ, 11 ಜನಕ್ಕೆ ಕಳಿಸಿ ಅಂತ. 15 ಪೈಸೆಯೂ ಖರ್ಚಿಲ್ಲ, ಅದಕ್ಕೇ ಬೇಗ ಹಬ್ಬುತ್ತದೆ. ನಿಮ್ಮ ಪತ್ರವನ್ನು ಮುಂದೆ ಮನೆಯ ಮಕ್ಕಳು ಓದುವವರಿದ್ದರೆ ಈ ಸಾಲು ಸೇರಿಸಿ: ಹೆದರಿಸಿ ಕೆಲಸ ಮಾಡಿಸಿಕೊಳ್ಳುವ ಸಂದೇಶ ಯಾವ ದೇವರ ಹೆಸರಲ್ಲಿ ಬಂದರೂ ಅಲ್ಲೇ ಅಳಿಸಿಬಿಡು, ಅಳಿಸಿದ್ದನ್ನು ಅಮ್ಮನಿಗೆ ಹೇಳು. ಹೇಳುವುದು ಮುಖ್ಯ. ಒಬ್ಬರೇ ಇಟ್ಟುಕೊಂಡ ಹೆದರಿಕೆ ರುಬ್ಬಿಟ್ಟ ದೋಸೆ ಹಿಟ್ಟಿನ ಹಾಗೆ, ಬೆಳಿಗ್ಗೆ ಹೊತ್ತಿಗೆ ಉಕ್ಕಿರುತ್ತದೆ.

ಇಲ್ಲಿ ಇನ್ನೊಂದು ವಿಷಯ ಹೇಳಲೇಬೇಕು. ಅದನ್ನು ನಾನು ಬಹಳ ವರ್ಷ ಯಾರಿಗೂ ಹೇಳಿರಲಿಲ್ಲ.

ಪಿಯುಸಿಗೆ ಬರುವ ಹೊತ್ತಿಗೆ ನನ್ನ ಹೆದರಿಕೆ ಬೇರೆ ವೇಷ ಹಾಕಿತು. ರಾತ್ರಿ ಮಲಗುವ ಮುಂಚೆ “ಓಂ ನಮಃ ಶಿವಾಯ” 108 ಸಲ ಹೇಳಬೇಕು ಅಂತ ನನಗೆ ನಾನೇ ನೇಮ ಹಾಕಿಕೊಂಡೆ. ಬೆರಳ ಗೆಣ್ಣಿನ ಮೇಲೆ ಎಣಿಕೆ. ನಡುವೆ ಎಲ್ಲೋ ಮನಸ್ಸು ಆ ಕಡೆ ಈ ಕಡೆ ಹೋಯಿತೋ, ಲೆಕ್ಕ ತಪ್ಪಿತೋ, ಮತ್ತೆ ಒಂದರಿಂದ. ನಾಯಿ ಬೊಗಳಿತು, ಮತ್ತೆ ಒಂದರಿಂದ. ತಲೆಯಲ್ಲಿ ಕೆಟ್ಟ ಯೋಚನೆ ಬಂತು, ಎದ್ದು ಕೈಕಾಲು ತೊಳೆದುಕೊಂಡು ಮತ್ತೆ ಒಂದರಿಂದ. ಗೋಡೆಯ ಗಡಿಯಾರ ಎರಡು ಹೊಡೆದದ್ದು ಎಷ್ಟೋ ರಾತ್ರಿ ಕೇಳಿದ್ದೇನೆ. ಬೆಳಿಗ್ಗೆ ಅವ್ವ ಅಕ್ಕಪಕ್ಕದವರಿಗೆ “ನಮ್ಮ ಹುಡುಗಿ ರಾತ್ರಿಯೆಲ್ಲ ಶಿವಧ್ಯಾನ ಮಾಡ್ತಾಳೆ” ಅಂತ ಹೆಮ್ಮೆಯಿಂದ ಹೇಳುತ್ತಿದ್ದಳು.

ಅದು ಧ್ಯಾನ ಆಗಿರಲಿಲ್ಲ. ಅದಕ್ಕೆ ಗೀಳು ಕಾಯಿಲೆ ಅಂತ ಹೆಸರಿದೆ, ಡಾಕ್ಟರುಗಳು ಒಸಿಡಿ ಅನ್ನುತ್ತಾರೆ. ಕೈ ತೊಳೆಯುವುದು, ಬೀಗ ನೋಡುವುದು ಮಾತ್ರ ಅಲ್ಲ, ಪೂಜೆ, ಮಡಿ, ಜಪದ ಲೆಕ್ಕದಲ್ಲೂ ಅದು ಬಂದು ಕೂರುತ್ತದೆ. ಹದಿಹರೆಯದಲ್ಲೇ ಶುರುವಾಗುವುದು ಬಹಳ. ಮಾತ್ರೆಯಿದೆ, ಮಾತಿನ ಚಿಕಿತ್ಸೆಯಿದೆ, ಎರಡರಿಂದಲೂ ತುಂಬಾ ಜನಕ್ಕೆ ಗುಣ ಕಾಣುತ್ತದೆ. ನಾನು ಡಾಕ್ಟರ ಹತ್ತಿರ ಹೋದದ್ದು 26ನೇ ವಯಸ್ಸಿಗೆ. ಹತ್ತು ವರ್ಷದ ನಿದ್ದೆ ಹೋಯಿತು.

ಪೂಜೆ ಮುಗಿಸಿ ಎದ್ದಾಗ ಮನಸ್ಸು ಹಗುರ ಆಗಿದೆಯಾ, ಅಥವಾ “ಸದ್ಯ, ಏನೂ ಆಗಲಿಲ್ಲ” ಅನ್ನಿಸುತ್ತಿದೆಯಾ? ಎರಡನೆಯದಾದರೆ ಅದನ್ನು ಕಾರ್ಡಿನಲ್ಲಿ ಬರೆಯಿರಿ. ಈಗಲೂ ಹಾಗೇ ಆಗುತ್ತಿದ್ದರೆ ಪತ್ರ ಆಮೇಲೆ ಬರೆದರಾಯಿತು, ಮೊದಲು 14416ಕ್ಕೆ ಫೋನು ಮಾಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಅದು. 2022ರಲ್ಲಿ ಶುರುವಾಯಿತು. ದುಡ್ಡಿಲ್ಲ, ಹಗಲು ರಾತ್ರಿ ಯಾವಾಗಲೂ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ನನ್ನ ಕಾಲಕ್ಕೆ ಇದು ಇರಲಿಲ್ಲ ಅಂತ ಈಗಲೂ ಹೊಟ್ಟೆ ಉರಿಯುತ್ತದೆ.

4. ವ್ಯಾಪಾರದ ಕಾರ್ಡು

ಹರಕೆ ಹೊರದೆ ಎಸ್ಸೆಸ್ಸೆಲ್ಸಿ ಮುಗಿಸಿದವರು ನಮ್ಮ ಕಡೆ ಯಾರಿದ್ದಾರೆ? ಗಣಿತದಲ್ಲಿ ಪಾಸಾದರೆ 101 ಈಡುಗಾಯಿ ಒಡೆಯುತ್ತೇನೆ ಅಂತ ನಾನು ಹರಕೆ ಹೊತ್ತೆ. ತೆಂಗಿನಕಾಯಿಗೆ ಎಷ್ಟು ಅಂತ ವಿಚಾರಿಸಿರಲಿಲ್ಲ. 41 ಬಂತು. ಆಮೇಲೆ ಅಂಗಡಿಗೆ ಹೋಗಿ ರೇಟು ಕೇಳಿ ಲೆಕ್ಕ ಹಾಕಿದೆ, ಕಣ್ಣು ಕತ್ತಲೆ ಬಂತು. ಅಪ್ಪಾಜಿಗೆ ಹೇಳುವ ಧೈರ್ಯ ಇಲ್ಲ. ಹೋಗಲಿ 11ಕ್ಕೆ ಒಪ್ಪಿಕೋ ಅಂತ ಶಿವನ ಜೊತೆ ಚೌಕಾಸಿ ಶುರು ಮಾಡಿದೆ. ಸಂತೆಯಲ್ಲಿ ಬದನೆಕಾಯಿಗೆ ಮಾಡುತ್ತೇವಲ್ಲ, ಅದೇ ಧಾಟಿಯಲ್ಲಿ.

ಈ ಕಾರ್ಡು ಬರೆಯುವಾಗ ಆ ಮಗುವಿಗೆ ಗದರಬೇಡಿ. ಕೊಟ್ಟು ತೆಗೆದುಕೊಳ್ಳುವುದನ್ನು ಅದಕ್ಕೆ ಕಲಿಸಿದ್ದು ದೊಡ್ಡವರೇ. ಒಂದು ಕಥೆ ಹೇಳಿ, ಸಾಕು. ನಿಮ್ಮ ಮನೆಯ ನಂಬಿಕೆಯೊಳಗಿನದೇ ಕಥೆ ಇರಲಿ, ಹೊರಗಿನದು ಬೇಡ. ಹೊರಗಿನದು ಬುದ್ಧಿವಾದ ಆಗುತ್ತದೆ.

ನಾನು ಆರಿಸಿಕೊಂಡದ್ದು ಆಯ್ದಕ್ಕಿ ಲಕ್ಕಮ್ಮನ ಕಥೆ. ಹನ್ನೆರಡನೇ ಶತಮಾನದ ಕಲ್ಯಾಣ. ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಅವಳ ಗಂಡ ಮಾರಯ್ಯನ ಕಾಯಕ. ಒಂದು ದಿನ ಮಾಮೂಲಿಗಿಂತ ಜಾಸ್ತಿ ತಂದ. ಲಕ್ಕಮ್ಮ ನೋಡಿದಳು. ನಮಗೆ ಬೇಕಾದದ್ದು ಇಷ್ಟು, ಉಳಿದದ್ದು ಅಲ್ಲೇ ಸುರಿದು ಬಾ ಅಂತ ವಾಪಸು ಕಳಿಸಿದಳು. ನಾಳೆಗೆ ಅಂತ ಒಂದು ಹಿಡಿ ಕೂಡ ಇಟ್ಟುಕೊಳ್ಳಲಿಲ್ಲ. ಆ ಕಥೆ ಶಾಲೆಯಲ್ಲಿ ಪಾಠವಾಗಿ ಓದಿದ್ದೆ, ಪ್ರಶ್ನೆಗೆ ಉತ್ತರವನ್ನೂ ಬರೆದಿದ್ದೆ. ದೇವರ ಮುಂದೆ ನಿಂತು 101 ಕಾಯಿ ಅನ್ನುವಾಗ ಮಾತ್ರ ನೆನಪಾಗಲಿಲ್ಲ.

ಕಥೆಯ ಜೊತೆಗೆ ಕೈಗೆ ಒಂದು ಕೆಲಸ ಕೊಡಿ. ಅದೇ ವರ್ಷ ಶಾಲೆಯಿಂದ ತುಮಕೂರಿನ ಸಿದ್ಧಗಂಗೆಗೆ ಕರೆದುಕೊಂಡು ಹೋಗಿದ್ದರು. ನನ್ನ ವಯಸ್ಸಿನ ಹುಡುಗರು ಸಾಲಾಗಿ ಕೂತು ಮುದ್ದೆ ಉಣ್ಣುತ್ತಿದ್ದರು. ಸಾರಿನ ಕೊಪ್ಪರಿಗೆ ನಮ್ಮ ಮನೆಯ ನೀರಿನ ಹಂಡೆಗಿಂತ ದೊಡ್ಡದು. ಸುತ್ತಲ ರೈತರು ಸುಗ್ಗಿಯಲ್ಲಿ ರಾಗಿ, ಕಾಳು ತಂದು ಕೊಡುತ್ತಾರೆ ಅಂತ ಅಲ್ಲಿಯವರು ಹೇಳಿದರು. ದೊಡ್ಡ ಸ್ವಾಮಿಗಳು, ಶಿವಕುಮಾರ ಸ್ವಾಮಿಗಳು, ಆಗಲೇ ಎಂಬತ್ತು ದಾಟಿದವರು, ಅಂಗಳದಲ್ಲಿ ಓಡಾಡುತ್ತಿದ್ದರು. ಮುಂದೆ 2019ರಲ್ಲಿ ಲಿಂಗೈಕ್ಯರಾದಾಗ ಅವರಿಗೆ 111 ವರ್ಷ. ಅವತ್ತು ಆ ಪಂಕ್ತಿ ನೋಡಿ ನನಗೆ ಅನ್ನಿಸಬೇಕಾಗಿದ್ದು ಒಂದು, ಅನ್ನಿಸಿದ್ದು “ಇಲ್ಲಿ ಬೇಡಿಕೊಂಡರೆ ಬೇಗ ಆಗುತ್ತಾ?” ಅಂತ.

ಹಾಗಾಗಿ ಎರಡನೇ ಕಾರ್ಡಿನಲ್ಲಿ ಬರೆದೆ: “ಕಾಯಿ ಒಡೆಯಬೇಡ ಪುಟ್ಟೀ. ನಿನಗೆ ಕನ್ನಡ ಚೆನ್ನಾಗಿ ಬರುತ್ತದೆ. ಪಕ್ಕದ ಮನೆಯ ಏಳನೇ ಕ್ಲಾಸಿನ ಹುಡುಗನಿಗೆ ದಿನಾ ಅರ್ಧ ಗಂಟೆ ಓದು ಹೇಳಿಕೊಡು. ಗಣಿತ ಯಾರಾದರೂ ನಿನಗೆ ಹೇಳಿಕೊಡುತ್ತಾರೆ. ಕೊಡದಿದ್ದರೂ ಹೇಳಿಕೊಡು.”

ಹಳೆಯ ಹರಕೆ ಬಾಕಿ ಇದ್ದರೆ ಏನು ಮಾಡುವುದು ಅಂತ ಕೆಲವರು ಕೇಳುತ್ತಾರೆ. ನಮ್ಮ ಮನೆಯಲ್ಲಿ ಮಾಡಿದ್ದು ಹೇಳುತ್ತೇನೆ. ಮೊದಲ ಸಂಬಳ ಬಂದಾಗ ಅವ್ವನಿಗೆ ಎಲ್ಲ ಹೇಳಿದೆ. ಒಂದೇ ಒಂದು ಕಾಯಿ ಒಡೆದು, ಉಳಿದ ನೂರರ ದುಡ್ಡಿಗೆ ಅಕ್ಕಿ ಬೇಳೆ ತಂದು ದಾಸೋಹಕ್ಕೆ ಕೊಟ್ಟೆವು. ಪೂಜಾರಪ್ಪ ಬೇಡ ಅನ್ನಲಿಲ್ಲ. ನಿಮ್ಮಲ್ಲಿ ಪದ್ಧತಿ ಬೇರೆ ಇರಬಹುದು, ಮನೆಯ ಹಿರಿಯರನ್ನು ಕೇಳಿ ಮುಗಿಸಿ. ಮನಸ್ಸಿನಲ್ಲೇ ಸಾಲ ಇಟ್ಟುಕೊಂಡು ಓಡಾಡಬೇಡಿ.

5. ಮೈಯ ವಿಷಯದ ಕಾರ್ಡು

ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಹದಿನೈದರಲ್ಲಿ ದೇವರು ಮತ್ತು ಮೈ ಒಂದಕ್ಕೊಂದು ಎಷ್ಟು ತೊಡಕಿಕೊಂಡಿರುತ್ತವೆ ಅನ್ನುವುದು ಆ ವಯಸ್ಸು ದಾಟಿದ ಮೇಲೆ ಮರೆತೇ ಹೋಗುತ್ತದೆ.

ಮುಟ್ಟಾದಾಗ ನನಗೆ ದೇವರ ಕೋಣೆಯ ಹೊಸ್ತಿಲು ದಾಟುವ ಹಾಗಿರಲಿಲ್ಲ. ಹೂವು ಕಟ್ಟುವ ಹಾಗಿಲ್ಲ, ವಿಭೂತಿ ಗಟ್ಟಿ ಮುಟ್ಟುವ ಹಾಗಿಲ್ಲ. ಪರೀಕ್ಷೆಯ ಬೆಳಿಗ್ಗೆ ಮುಟ್ಟಾಗಿಬಿಟ್ಟರೆ ದೇವರಿಗೆ ಕೈ ಮುಗಿಯುವುದು ಹೇಗೆ ಅನ್ನುವುದೇ ದೊಡ್ಡ ಚಿಂತೆ. ನನ್ನ ಪಟ್ಟಿಯ ಆರು ಹೆದರಿಕೆಯಲ್ಲಿ ಇದೂ ಒಂದು.

ಇದರಲ್ಲಿ ತಮಾಷೆ ಏನು ಗೊತ್ತಾ? ಶರಣರು ಐದು ಸೂತಕವನ್ನೂ ತಳ್ಳಿಹಾಕಿದವರು: ಜನನ, ಮರಣ, ರಜಸ್ಸು, ಎಂಜಲು, ಜಾತಿ. ರಜಸ್ಸು ಅಂದರೆ ಇದೇ ಮುಟ್ಟು. ಎಂಟುನೂರು ವರ್ಷದ ಹಿಂದೆಯೇ ಬೇಡ ಅಂದದ್ದು. ಇಷ್ಟಲಿಂಗ ಹೆಣ್ಣುಮಕ್ಕಳ ಎದೆಯ ಮೇಲೂ ಇರುತ್ತದೆ, ತಿಂಗಳಲ್ಲಿ ಮೂರು ದಿನ ಬಿಚ್ಚಿಡು ಅಂತ ಯಾರೂ ಹೇಳಿಲ್ಲ. ಲಿಂಗ ಎದೆಯ ಮೇಲಿದ್ದವಳನ್ನು ಲಿಂಗದ ಪಟವಿರುವ ಕೋಣೆಯಿಂದ ಹೊರಗೆ ನಿಲ್ಲಿಸುತ್ತಿದ್ದರು! ಇದನ್ನು ಅಂದು ಯಾರಾದರೂ ನನಗೆ ಹೇಳಿದ್ದರೆ ಅನ್ನಿಸುತ್ತದೆ. ಹೇಳಬೇಕಾದವರಿಗೇ ಗೊತ್ತಿರಲಿಲ್ಲ.

ಕಾರ್ಡಿನಲ್ಲಿ ಹೆಚ್ಚು ಬರೆಯಲಿಲ್ಲ. “ಆ ಮೂರು ದಿನ ಹೊರಗೆ ಕೂರಿಸಿದರೆ ಜಗಳ ಆಡುವ ಶಕ್ತಿ ನಿನಗೆ ಇಲ್ಲ, ಗೊತ್ತು. ಹೊರಗೇ ಕೂತು ಕೈ ಮುಗಿ. ಕೇಳಿಸುತ್ತದೆ.”

ಗಂಡುಮಕ್ಕಳೂ ಈ ಕಾರ್ಡು ಬರೆಯಬೇಕು. ನನ್ನ ತಮ್ಮನಿಗೆ ಹೇಳಿದಾಗ ಮೊದಲು ನಕ್ಕ, ಆಮೇಲೆ ಸುಮ್ಮನಾದ. ಮೈಯಲ್ಲಿ ಆದ ಬದಲಾವಣೆಯೆಲ್ಲ ಪಾಪ ಅಂದುಕೊಂಡು, ಒಂದು ವರ್ಷ ಪೂರ್ತಿ ಸೋಮವಾರ ಉಪವಾಸ ಮಾಡಿದ್ದನಂತೆ. ಮನೆಯವರೆಲ್ಲ ಅದನ್ನು ಭಕ್ತಿ ಅಂದುಕೊಂಡಿದ್ದೆವು.

6. ಜನರ ಕಾರ್ಡು

ದೇವರ ಹೆಸರಲ್ಲಿ ಹತ್ತಿರ ಬರುವ ಮನುಷ್ಯರ ಬಗ್ಗೆ. ಇದನ್ನು ಸ್ವಲ್ಪ ಖಡಕ್ಕಾಗಿಯೇ ಬರೆಯಿರಿ.

ನನ್ನ ಚಿಕ್ಕಪ್ಪನ ಮಗಳಿಗೆ ಮೂರ್ಛೆ ಬರುತ್ತಿತ್ತು. ಒಬ್ಬರ ಹತ್ತಿರ ತಾಯಿತ, ಇನ್ನೊಬ್ಬರ ಹತ್ತಿರ ಬೇವಿನ ಸೊಪ್ಪಿನ ಏಟು. ಎರಡು ವರ್ಷ ಹೀಗೇ ಓಡಾಡಿಸಿ ಕೊನೆಗೆ ಆಸ್ಪತ್ರೆಗೆ ಕರೆದುಕೊಂಡು ಹೋದರು. ದಿನಾ ಒಂದು ಮಾತ್ರೆ, ಅಷ್ಟೇ, ನಿಂತಿತು. ಆ ಎರಡು ವರ್ಷ ಅವಳು ಶಾಲೆಗೆ ಹೋಗಲಿಲ್ಲ. ಈಗ ನಮ್ಮ ರಾಜ್ಯದಲ್ಲಿ ಇದಕ್ಕೊಂದು ಕಾನೂನಿದೆ. 2017ರಲ್ಲಿ ಪಾಸಾಗಿ 2020ರ ಜನವರಿಯಲ್ಲಿ ಜಾರಿಗೆ ಬಂತು. ದೆವ್ವ ಬಿಡಿಸುತ್ತೇನೆ ಅಂತ ಹೊಡೆಯುವುದು, ಹಾವು ಕಚ್ಚಿದವರನ್ನು ಆಸ್ಪತ್ರೆಗೆ ಬಿಡದೆ ಮಂತ್ರ ಹಾಕುವುದು, ಇಂಥವೆಲ್ಲ ಅಪರಾಧ. ಪೂಜೆ, ಯಾತ್ರೆ, ಹರಿಕಥೆಗೆ ಅದರಲ್ಲಿ ಯಾವ ಅಡ್ಡಿಯೂ ಇಲ್ಲ. ಪೂಜೆಯನ್ನೂ ಮಾಡಿಸಿ, ಡಾಕ್ಟರಿಗೂ ತೋರಿಸಿ. ಮೊದಲು ಡಾಕ್ಟರು.

ಇನ್ನೊಂದು ಸಾಲು: “ಗುರು ಆಗಲಿ, ಪೂಜಾರಿ ಆಗಲಿ, ಭಜನೆ ಹೇಳಿಕೊಡುವವರಾಗಲಿ, ‘ಇದು ನಮ್ಮಿಬ್ಬರಲ್ಲೇ ಇರಲಿ’ ಅಂದರೆ ಎದ್ದು ಬಾ. ಪಾದರಕ್ಷೆ ಹುಡುಕುತ್ತ ನಿಲ್ಲಬೇಡ.” 18 ತುಂಬದವರ ಮೈ ಮುಟ್ಟಿ ತೊಂದರೆ ಕೊಟ್ಟರೆ 2012ರ ಪೋಕ್ಸೋ ಕಾನೂನಿದೆ, ಮಕ್ಕಳೇ ನೇರವಾಗಿ 1098ಕ್ಕೆ ಫೋನು ಮಾಡಬಹುದು. ಎಷ್ಟು ದೊಡ್ಡವರ ಮೇಲಾದರೂ ಸರಿ.

ಬರೀ ಹೆದರಿಸುವ ಮಾತೇ ಆಯಿತು ಅನ್ನಿಸಿ, ಉಳಿದ ಜಾಗದಲ್ಲಿ ಅವ್ವನ ತವರಿನ ಮೊಹರಂ ನೆನಪು ಮಾಡಿದೆ. ಕೊಪ್ಪಳದ ಕಡೆಯ ಹಳ್ಳಿ. ಸಾಬರ ಮನೆ ಇದ್ದದ್ದು ಎರಡೋ ಮೂರೋ, ಅಲಾಯಿ ದೇವರು ಕೂರಿಸುತ್ತಿದ್ದದ್ದು ಇಡೀ ಊರು. ನಮ್ಮಜ್ಜಿ ಹಣೆ ತುಂಬ ವಿಭೂತಿ ಹಚ್ಚಿಕೊಂಡು, ಸಕ್ಕರೆ ಓದಿಸಿಕೊಂಡು ಬರುತ್ತಿದ್ದಳು. ಆ ಸಕ್ಕರೆ ನನಗೂ ಕೊಟ್ಟಿದ್ದಳು. ಶಾಲೆಯಲ್ಲಿ ಸಾಬರ ಗೆಳತಿಯೊಬ್ಬಳು ರಂಜಾನಿನ ಉಪವಾಸ ಇದ್ದಾಗ ಅವಳ ಮುಂದೆ ಬೇಕಂತಲೇ ಡಬ್ಬಿ ಬಿಚ್ಚಿ ತಿಂದಿದ್ದೆ. ಅದಕ್ಕೊಂದು ಕ್ಷಮೆ ಕೇಳು ಅಂತ ಪುಟ್ಟಿಗೆ ಬರೆದೆ. ನಿಮ್ಮ ಪತ್ರದಲ್ಲೂ ಇಂಥದ್ದೊಂದು ಸಾಲು ಇರಲಿ. ಹದಿನೈದರಲ್ಲಿ ನಮ್ಮ ಭಕ್ತಿ ಬೇರೆ ಯಾರಿಗಾದರೂ ಚುಚ್ಚಿರುತ್ತದೆ, ಹುಡುಕಿದರೆ ಸಿಗುತ್ತದೆ.

7. ಮುಂದೆ ಆಗುವುದನ್ನು ಹೇಳಬೇಡಿ

ಪಾಸಾಗುತ್ತೀಯ, ಕೆಲಸ ಸಿಗುತ್ತದೆ, ಆ ಹುಡುಗ ನಿನಗೆ ತಕ್ಕವನಲ್ಲ ಅಂತೆಲ್ಲ ಬರೆಯುವ ಆಸೆಯಾಗುತ್ತದೆ. ಬೇಡ. “ಕೊನೆಗೆ ಎಲ್ಲ ಒಳ್ಳೆಯದಾಯಿತು, ಅದಕ್ಕೇ ದೇವರನ್ನು ನಂಬು” ಅಂದರೆ ಅದೂ ವ್ಯಾಪಾರವೇ ಅಲ್ವಾ? ಆಮೇಲೆ, ಎಲ್ಲ ಒಳ್ಳೆಯದಾಗಿರುವುದೂ ಇಲ್ಲ.

ನನ್ನ ಪಟ್ಟಿಯಲ್ಲಿ ಪ್ರೀತಿಯಿಂದ ಕೇಳಿದ್ದು ಒಂದೇ, ಅಜ್ಜಿ ಸಾಯದಿರಲಿ ಅಂತ. ಅದೇ ನಡೆಯಲಿಲ್ಲ. ಇಂಥದ್ದು ಪ್ರತಿಯೊಬ್ಬರ ಪಟ್ಟಿಯಲ್ಲೂ ಇರುತ್ತದೆ, ಪತ್ರ ಅಲ್ಲಿ ಬಂದು ನಿಂತುಬಿಡುತ್ತದೆ. ಕರ್ಮ, ಪರೀಕ್ಷೆ, ದೇವರ ಇಚ್ಛೆ ಅಂತ ಕಾರಣ ಕೊಡಲು ಹೋಗಬೇಡಿ. ಏನು ನೋಡಿದಿರೋ ಅಷ್ಟು ಬರೆಯಿರಿ.

ನಾಲ್ಕೂ ಕಾರ್ಡು ತುಂಬಿಹೋಗಿತ್ತು. ಕೊನೆಯದರ ವಿಳಾಸದ ಬದಿ ತಿರುಗಿಸಿ, ಎಡಗಡೆಯ ಅರ್ಧದಲ್ಲಿ ಸಣ್ಣ ಅಕ್ಷರದಲ್ಲಿ ಬರೆದೆ: “ಅಜ್ಜಿಯನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆಗೆ, ತೋಳಿಗೆ ವಿಭೂತಿ. ಸಮಾಧಿಗೆ ಇಳಿಸುವಾಗ ಎಡಗೈಯಲ್ಲಿ ಲಿಂಗ ಇಟ್ಟರು. ಯಾವಾಗಲೂ ಪೂಜೆಗೆ ಕೂರುತ್ತಿದ್ದಳಲ್ಲ, ಹಾಗೇ ಇದ್ದಳು. ನಿನಗೆ ಸಿಟ್ಟು ಬರುತ್ತದೆ. ಬರಲಿ. ಶಿವನ ಮೇಲೆ ಸಿಟ್ಟು ಮಾಡಿಕೊಂಡವರು ನೀನೊಬ್ಬಳೇ ಅಲ್ಲ.”

ಆ ಬದಿಯ ಬಲಗಡೆ, ವಿಳಾಸದ ಗೆರೆಗಳ ಮೇಲೆ ಏನೂ ಬರೆಯಲಿಲ್ಲ.

8. ಓದುವುದು, ಇಡುವುದು

ಬರೆದು ಮುಗಿಸಿ ಒಂದು ವಾರ ಬಿಟ್ಟು ಗಟ್ಟಿಯಾಗಿ ಓದಿ. ಒಬ್ಬರೇ ಇದ್ದಾಗ. ಉಪನ್ಯಾಸದ ಹಾಗೆ ಕೇಳಿಸುವ ಸಾಲು ಕಿವಿಗೇ ಗೊತ್ತಾಗುತ್ತದೆ, ಹೊಡೆದು ಹಾಕಿ. ಹಾಳೆಯಿಂದ ಕಾರ್ಡಿಗೋ ಒಳ್ಳೆಯ ಕಾಗದಕ್ಕೋ ನಕಲು ಮಾಡುವುದು ಆಮೇಲೆ. ಪೋಸ್ಟ್ ಕಾರ್ಡಿನ ಒಂದು ಅನುಕೂಲ ಅಂದರೆ ಜಾಗ ಕಡಿಮೆ, ಬುದ್ಧಿ ಹೇಳಲು ಪುರಸೊತ್ತಾಗುವುದಿಲ್ಲ. ಈಗಲೂ ಪೋಸ್ಟಾಫೀಸಿನಲ್ಲಿ 50 ಪೈಸೆಗೆ ಸಿಗುತ್ತದೆ.

ಮಕ್ಕಳ ಕೈಗೆ ಕೊಟ್ಟು “ಓದು, ನಿನಗೇ ಬರೆದದ್ದು” ಅನ್ನಬೇಡಿ. ಅವರಿಗೆ ಬರೆದದ್ದಲ್ಲ ಅದು, ನಿಮಗೆ ಬರೆದುಕೊಂಡದ್ದು. ಕೈಗೆ ಸಿಗುವ ಕಡೆ ಇಡಿ, ಅಷ್ಟು ಸಾಕು. ಮತ್ತೆ ಅಟ್ಟಕ್ಕೂ ಹಾಕಬೇಡಿ, ಅಲ್ಲಿ ಇಲಿಗಳು ಮಾತ್ರ ಓದುತ್ತವೆ.

ನಮ್ಮ ಮನೆಯಲ್ಲಿ ದೇವರ ಕೋಣೆಯ ಕೆಳಗಿನ ಡ್ರಾಯರಿನಲ್ಲಿ ಇಟ್ಟಿದ್ದೇನೆ. ಬತ್ತಿ, ಕರ್ಪೂರ, ಬೆಂಕಿಪೊಟ್ಟಣ ಇರುವ ಡ್ರಾಯರು. ಕರೆಂಟು ಹೋದಾಗಲೆಲ್ಲ ಮಗಳು ಬೆಂಕಿಪೊಟ್ಟಣಕ್ಕೆ ಅದರಲ್ಲೇ ಕೈ ಹಾಕುತ್ತಾಳೆ. ಅವಳಿಗೆ ಈಗ ಹದಿನಾಲ್ಕು. ಮೇಲಿನ ಕಾರ್ಡಿಗೆ ಎಣ್ಣೆ ಬಿದ್ದು ಎರಡು ಸಾಲು ಮಸುಕಾಗಿದೆ. ಮೊನ್ನೆ ನೋಡಿದೆ, ಜೋಡಿಸಿಟ್ಟ ಕ್ರಮ ಬದಲಾಗಿತ್ತು. ಮೂರನೆಯದು ಎಲ್ಲದಕ್ಕಿಂತ ಮೇಲಿತ್ತು.